ಜ್ಯೋತಿಲಕ್ಷ್ಮಿ ಇನ್ನಿಲ್ಲ

"ಈ ಯುಗಾದಿಯೊಳಗೆ ನಾನೊಂದು ಕಾದಂಬರಿ ಬರ್ದು ಮುಗಿಸ್ಲಿಲ್ಲಾಂದ್ರೆ ನನ್ನ ಹೆಸ್ರು ಜ್ಯೋತಿಲಕ್ಷ್ಮೀನೇ ಅಲ್ಲ!"

ಈ ಭೀಷ್ಮ ಪ್ರತಿಜ್ಞೆ ನಡೆದದ್ದು ದೊಡ್ಡಬೆಳವಂಗಲದ ಒಂದು ಅಡುಗೆಮನೆಯಲ್ಲಿ, ಮುದ್ದೆ ತಿರುವುವ ಕೋಲನ್ನು ಮೇಲೆತ್ತಿ ಹಿಡಿದು. ಸಾಕ್ಷಿಗಳು ಇಬ್ಬರು: ತಟ್ಟೆ ಮುಂದೆ ಕೂತಿದ್ದ ಗಂಡ ಗೋವಿಂದರಾಜು, ಅತ್ತೆ ಆದಿಲಕ್ಷ್ಮಮ್ಮ.

"ಮೊದ್ಲು ಮುದ್ದೆ ಗಂಟಾಗ್ದಂಗೆ ತಿರುವು," ಅಂದರು ಅತ್ತೆ.

ಈ ಹುಚ್ಚು ಹತ್ತಿಸಿದ್ದು ಫೋನು. ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಜ್ಯೋತಿಲಕ್ಷ್ಮಿಗೆ ದಾರ ಕತ್ತರಿಸುವ ಕೆಲಸ. ಹೊಲಿದು ಬಂದ ಶರ್ಟಿನಲ್ಲಿ ಹೆಚ್ಚಿಗೆ ಇಣುಕುವ ದಾರಗಳನ್ನೆಲ್ಲ ಕಚಕಚ ಕತ್ತರಿಸಬೇಕು. ಒಂದು ದಿನ ಬಸ್ಸಿನಲ್ಲಿ ಬಸ್ಸಾರಿನ ವಿಡಿಯೊ ಹುಡುಕುತ್ತಿದ್ದವಳ ಬೆರಳು ಜಾರಿ 'ನೀವೂ ಲೇಖಕರಾಗಿ' ಎಂಬ ಚಾನೆಲ್ಲಿನ ಮೇಲೆ ಬಿತ್ತು. ಕನ್ನಡಕದ ಮೇಷ್ಟ್ರೊಬ್ಬರು ಬೆರಳೆತ್ತಿ ಹೇಳುತ್ತಿದ್ದರು: "ದಿನಕ್ಕೆ ಒಂದು ಗಂಟೆ ನಿಮ್ಮದಾಗಿರಲಿ. ಸತ್ತರೂ ಅದನ್ನು ಬಿಟ್ಟುಕೊಡಬೇಡಿ!"

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳಿಗೆ ಯಾರೂ ಹೀಗೆ ಹೇಳಿರಲಿಲ್ಲ. ಅದೇ ವಿಡಿಯೊವನ್ನು ಮತ್ತೆ ಮತ್ತೆ ನೋಡಿದಳು. ಅವತ್ತು ಬಸ್ಸಾರು ಆಗಲೇ ಇಲ್ಲ.

"ಸಂಜೆ ಆರರಿಂದ ಏಳು ನಂದು," ಎಂದು ಅವಳು ತೀರ್ಪು ಕೊಟ್ಟಳು.

"ಆ ಹೊತ್ನಲ್ಲಿ ಡೈರಿಗೆ ಹಾಲು ಹಾಕೋರ್ಯಾರು?" ಎಂದರು ಅತ್ತೆ.

"ನೀವು!"

ಆದಿಲಕ್ಷ್ಮಮ್ಮ ಕ್ಯಾನು ಎತ್ತಿಕೊಂಡು, ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆ ಸೊಸೆಯ ಪುರಾಣ ಹೇಳುತ್ತಾ ಹೊರಟರು. ಗೋವಿಂದರಾಜು ಒಂದು ಷರತ್ತು ಹಾಕಿದ: "ಯುಗಾದಿಗೆ ಕಾದಂಬರಿ ಇರ್ಲಿ, ನೆಟ್ಟಗೆ ಎರಡು ಪುಟ ತೋರ್ಸು. ಇಲ್ದಿದ್ರೆ ಆ ಗಂಟೆ ವಾಪಸ್ಸು, ಕ್ಯಾನೂ ವಾಪಸ್ಸು."

"ಬರೀತೀನಿ!"

"ಬರೀತೀನಿ ಬರೀತೀನಿ ಅಂತೀಯ, ಏನೂ ಬರಲ್ಲ!"

ಹಾಗೆ ಅಂದವನಿಗೆ ಎರಡು ದಿನ ಉಪ್ಪಿಲ್ಲದ ಸಾರು ಬಿತ್ತು. ಆದರೆ ಅವನ ಮಾತೇ ನಿಜವಾಗುತ್ತಿತ್ತು. 'ಮೊದಲ ವಾಕ್ಯಕ್ಕೇ ಓದುಗ ಬಿದ್ದುಹೋಗಬೇಕು' ಅಂದಿದ್ದರು ಮೇಷ್ಟ್ರು. ಒಂದು ತಿಂಗಳಲ್ಲಿ ಅವಳು ಮೂವತ್ತೊಂದು ಮೊದಲ ವಾಕ್ಯ ಬರೆದು, ಮೂವತ್ತೊಂದನ್ನೂ ಹೊಡೆದು ಹಾಕಿದ್ದಳು. ಎರಡನೇ ವಾಕ್ಯಕ್ಕೆ ಹೋಗೋಣವೆಂದರೆ, ಬಾಗಿಲ ಆಚೆ "ಸಾಸಿವೆ ಎಲ್ಲೈತೆ?", "ಜ್ಯೋತೀ, ಹಸು ಹಗ್ಗ ಬಿಚ್ಕೊಂಡೈತೆ!" ನೆತ್ತಿಯ ಮೇಲೆ ಐದೈದು ನಿಮಿಷಕ್ಕೆ ಏರ್‌ಪೋರ್ಟಿನ ವಿಮಾನ ಬೇರೆ.

ಮೇಷ್ಟ್ರ ಬಳಿ ಇದಕ್ಕೂ ಮದ್ದಿತ್ತು. "ಕಿವಿಗೆ ಇಯರ್‌ಫೋನ್ ಹಾಕಿ ಮಳೆಯ ಸದ್ದು ಕೇಳಿ. ಬಾಗಿಲಿಗೆ ಚೀಟಿ ಅಂಟಿಸಿ."

ಆ ಭಾನುವಾರ ಗಂಡ ದಾಬಸ್‌ಪೇಟೆಯ ಗೋಡೌನಿನ ಡ್ಯೂಟಿಗೆ ಹೋಗಿದ್ದ, ಅತ್ತೆ ಡೈರಿಗೆ ಹೊರಟಿದ್ದರು. ಜ್ಯೋತಿಲಕ್ಷ್ಮಿ ಚೀಟಿ ಬರೆದಳು: 'ಜ್ಯೋತಿಲಕ್ಷ್ಮಿ ಇನ್ನು ಮುಂದೆ ದಿನಾ ಸಂಜೆ ಆರರಿಂದ ಏಳರವರೆಗೆ ಮನೆಗೆಲಸಕ್ಕೆ ಇಲ್ಲ.' ಓದಿ ನೋಡಿದಳು. ಅಯ್ಯೋ, ಎಷ್ಟು ಉದ್ದ! ಮೇಷ್ಟ್ರ ಹದಿನೇಳನೇ ಪಾಠ ನೆನಪಾಯಿತು: 'ಬೇಡದ ಪದಗಳನ್ನು ಕರುಣೆಯಿಲ್ಲದೆ ಕತ್ತರಿಸಿ!' ಕತ್ತರಿಸುವುದನ್ನು ಇವಳಿಗೆ ಹೇಳಿಕೊಡಬೇಕೆ? 'ಆರರಿಂದ ಏಳರವರೆಗೆ' ಮನೆಯವರಿಗೆ ಗೊತ್ತೇ ಇದೆ, ಕಚ್! 'ದಿನಾ ಸಂಜೆ' ಯಾಕೆ, ಕಚ್! 'ಮುಂದೆ', 'ಮನೆಗೆಲಸಕ್ಕೆ', ಕಚ್ ಕಚ್! ಉಳಿದದ್ದನ್ನು ಕೂಡಿಸಿ, ದಪ್ಪ ಅಕ್ಷರದಲ್ಲಿ ಹೊಸದಾಗಿ ಬರೆದು, ಅನ್ನದ ಅಗುಳಿನಿಂದ ಮನೆಯ ಮುಂಬಾಗಿಲಿಗೆ ಅಂಟಿಸಿದಳು:

ಜ್ಯೋತಿಲಕ್ಷ್ಮಿ ಇನ್ನಿಲ್ಲ

ಎರಡೇ ಪದ! ಏನು ಬಿಗಿ, ಏನು ಗತ್ತು! ಹೆಮ್ಮೆಯಿಂದ ಒಳಗೆ ಹೋಗಿ, ಚಿಲಕ ಹಾಕಿ, ಕಿವಿಗೆ ಮಳೆ ಸುರಿದುಕೊಂಡು ಕೂತಳು.

ಆರೂ ಐದಕ್ಕೆ ಪಕ್ಕದ ಮನೆ ಪಾಪಕ್ಕ ಮೊಸರಿಗೆ ಹೆಪ್ಪು ಕೇಳಲು ಬಂದಳು. ಅಕ್ಷರಕ್ಕೊಂದು ಬೆರಳಿಟ್ಟು ಓದಿದಳು. ಬಾಗಿಲು ತಟ್ಟಿದಳು. ಉತ್ತರವಿಲ್ಲ. ಲೋಟ ಕೈಜಾರಿತು.

"ಅಯ್ಯಯ್ಯೋ! ಜ್ಯೋತಿ ಹೋಗ್ಬಿಟ್ಲಲ್ಲಪ್ಪೋ!"

ಆರೂ ಕಾಲಿಗೆ ಅರ್ಧ ಬೀದಿ ಅಂಗಳದಲ್ಲಿತ್ತು. ಚೀಟಿ ಅಂಟಿಸಿದವರ್ಯಾರು ಎಂದು ಕೇಳುವ ವ್ಯವಧಾನ ಒಬ್ಬರಿಗೂ ಇರಲಿಲ್ಲ. ಪಾಪಕ್ಕ ದಾಬಸ್‌ಪೇಟೆಗೆ ಫೋನು ಮಾಡಿದಳು. ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಓಡಿಸುವ ಜ್ಯೋತಿಯ ಅಣ್ಣ ಮುನಿಕೃಷ್ಣನಿಗೂ ಮಾಡಿದಳು. ಖಾಲಿ ಕ್ಯಾನು ಹಿಡಿದು ಬಂದ ಆದಿಲಕ್ಷ್ಮಮ್ಮ ಜನ ನೋಡಿ, ಚೀಟಿ ನೋಡಿ, ಹೊಸಿಲಿನ ಮುಂದೆ ಕುಸಿದು ಕೂತರು. ಎದೆ ಬಡಿದುಕೊಂಡು, ಹೆಸರು ಹಿಡಿದು, ಹಾಡಿ ಹಾಡಿ ಅಳತೊಡಗಿದರು.

ಒಳಗೆ ಫೋನಿನ ಮಳೆ ಆರೂವರೆ ಹೊತ್ತಿಗೆ ಫಕ್ಕನೆ ನಿಂತಿತು. ಬ್ಯಾಟರಿ ಸತ್ತಿತ್ತು. ಜ್ಯೋತಿಲಕ್ಷ್ಮಿಯ ಕಿವಿಗೆ ಅತ್ತೆಯ ದನಿ ಬಿತ್ತು:

"ಟ್ರಂಕು ಹೊತ್ಕೊಂಡು ಬಂದ್ಯಲ್ಲೇ ನನ್ನವ್ವ, ಬೀಗದ ಕೈ ತವರಲ್ಲೇ ಬಿಟ್ಟು ಬಂದ್ಯಲ್ಲೇ! ಒಂಬತ್ತು ದಿನ ನನ್ನ ಸೀರೇನೇ ಉಟ್ಕೊಂಡು ತಿರುಗ್ದ್ಯಲ್ಲೇ! ಹತ್ತನೇ ದಿನ ಬೀಗ ಒಡುದ್ರೆ, ಒಂದು ಸೀರೇನೂ ಇರ್ಲಿಲ್ವಲ್ಲೇ, ಬರೀ ಪುಸ್ತಕ ತುಂಬ್ಕೊಂಡು ಬಂದಿದ್ಯಲ್ಲೇ!"

ಜ್ಯೋತಿಲಕ್ಷ್ಮಿ ಹೊಸ ಹಾಳೆ ಮಗುಚಿದಳು. ಇದಪ್ಪಾ ಮೊದಲ ವಾಕ್ಯ! ಯಾರು ಸತ್ತರು, ಯಾಕೆ ಅಳುತ್ತಿದ್ದಾರೆ ಎಂದು ಯೋಚಿಸುವ ಗೋಜಿಗೇ ಹೋಗದೆ ಅವಳು ಸರಸರ ಬರೆದುಕೊಳ್ಳತೊಡಗಿದಳು.

"ನಾನು ಬೈದ್ರೆ ನಗ್ತಿದ್ಯಲ್ಲೇ, ನಕ್ರೆ ನಾನಿನ್ನೂ ಬೈತಿದ್ನಲ್ಲೇ! ಜ್ವರ ಬಂದಾಗ ನನ್ನ ಕಾಲು ಒತ್ಕೊಂಡು ಕೂತ್ಕೊಂಡೇ ನಿದ್ದೆ ಹೋದ್ಯಲ್ಲೇ! ಕ್ಯಾನು ಹೊರ್ಸಿದೆ ಅಂತ ಊರೆಲ್ಲ ದೂರಿದ್ನಲ್ಲೇ... ಇನ್ಯಾರ್ನ ಬೈಕೊಂಡು ಬದುಕ್ಲೇ ನನ್ನ ಕಂದಾ!"

ಜ್ಯೋತಿಲಕ್ಷ್ಮಿಯ ಕಣ್ಣೀರು ಟಪಟಪ ಹಾಳೆಯ ಮೇಲೆ ಬಿತ್ತು. ಹದಿನಾಲ್ಕು ವರ್ಷದಲ್ಲಿ ಇಷ್ಟು ಒಳ್ಳೆಯ ಮಾತು ಎಲ್ಲಿ ಅಡಗಿಸಿಟ್ಟಿದ್ದರು ಈಯಮ್ಮ! ಅಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದು. "ಹಾರೆ ತಗೊಂಬನ್ರೋ!" ಎಂದು ಗೋವಿಂದರಾಜು ಅಳುತ್ತಾ ಕೂಗಿದ. ಬಾಗಿಲಿಗೆ ಧಡ್ ಎಂದು ಏಟು ಬಿತ್ತು.

"ಒಂದ್ನಿಮಿಷ ತಡೀರ್ರೀ! ಇನ್ನೊಂದು ಸಾಲು ಐತೆ!" ಎಂದು ಗುಡುಗಿತು ಹೆಣ.

ಬೀದಿಯವರೆಲ್ಲ ಪರಾರಿ! ಪಾಪಕ್ಕ ಬಿಟ್ಟು ಹೋದ ಚಪ್ಪಲಿ ಮಾತ್ರ ಉಳಿಯಿತು. ಬಾಗಿಲು ತೆರೆದರೆ, ಹಾರೆ ಹಿಡಿದು ಬೆವರುತ್ತಿದ್ದ ಗಂಡ, ಬಾಯಿ ತೆರೆದು ಕೂತಿದ್ದ ಅತ್ತೆ. ಕೈಯಲ್ಲಿ ರೇಷ್ಮೆ ಸೀರೆ ಹಿಡಿದು ಆಗತಾನೆ ಬಂದ ಮುನಿಕೃಷ್ಣ. ಸತ್ತ ಹೆಣ್ಣುಮಗಳಿಗೆ ತವರಿನ ಸೀರೆ ಹೊದಿಸಬೇಕಲ್ಲ! ಗೌರಿಹಬ್ಬಕ್ಕೆ ಮೂರು ವರ್ಷದಿಂದ ರವಿಕೆ ಕಣವನ್ನೂ ಕಳಿಸದಿದ್ದ ಅಣ್ಣ ಬರುವಾಗ ದೊಡ್ಡಬಳ್ಳಾಪುರದ ಮಗ್ಗದವರ ಮನೆಗೇ ನುಗ್ಗಿ ತಂದಿದ್ದ.

"ಬದುಕಿದ್ದೀಯಲ್ಲ, ವಾಪಸ್ ಕೊಟ್ಬಿಡ್ತೀನಿ," ಎಂದ.

"ಕೊಟ್ಟಿದ್ದು ಕೊಟ್ಟಿದ್ದೇ!" ಎಂದು ಕಿತ್ತುಕೊಂಡಳು.

ಗೋವಿಂದರಾಜು ಚೀಟಿ ಕಿತ್ತು ಅವಳ ಮುಖದ ಮುಂದೆ ಹಿಡಿದ. ಅವಳು ಓದಿದಳು. ಈಗ ಅರ್ಥವಾಯಿತು. ಕಿವಿ ಕೆಂಪಾಯಿತು, ಆದರೂ ತಲೆ ತಗ್ಗಿಸಲಿಲ್ಲ.

"ಇವತ್ತಿಗೆ ಮುಗೀತು ನಿನ್ನ ಗಂಟೆ! ಜೀವ ಬಾಯಿಗೆ ಬಂದಿತ್ತು ಕಣೇ!"

"ಮುಗಿಯಲ್ಲ! ಎರಡು ಪುಟ ಕೇಳಿದ್ರಿ, ತಗೊಳಿ ಮೂರು ಪುಟ! ನಾಳೆ ಆರಕ್ಕೆ ಈ ಬಾಗಿಲು ಹಾಕೇ ಹಾಕ್ತೀನಿ!"

ಗೋವಿಂದರಾಜು ಹೊಸಿಲ ಮೇಲೆ ಕೂತು ಓದಿದ. ಮತ್ತೆ ಓದಿದ. ಮೂಗು ಒರೆಸಿಕೊಂಡು, "ಚೆನ್ನಾಗೈತೆ ಕಣೇ. ಇದನ್ನ ಬರ್ದೋರು ಆ ಗಂಟೆ ಬಾಗಿಲು ಹಾಕ್ಕೊಳ್ಳಿ, ನಾನು ಅಡ್ಡ ಬರಲ್ಲ," ಎಂದು ಸೋತ.

"ಏನು ಬರ್ದವ್ಳೆ? ಗಟ್ಟಿಯಾಗಿ ಓದ್ಲಾ," ಎಂದರು ಆದಿಲಕ್ಷ್ಮಮ್ಮ. ಮಗ ಓದಿದ. ಟ್ರಂಕು, ಬೀಗದ ಕೈ, ಒಂಬತ್ತು ದಿನದ ಸೀರೆ. ಅತ್ತೆ ಪೂರ್ತಿ ಕೇಳಿಸಿಕೊಂಡು, ಸೆರಗಿನಿಂದ ಮುಖ ಒರೆಸಿ, ಎದ್ದರು. ಖಾಲಿ ಕ್ಯಾನನ್ನು ತಂದು ಸೊಸೆಯ ಕೈಗೆ ಕೊಟ್ಟರು.

"ಬರ್ದೋಳು ನಾನು ತಾನೆ? ನಾಳೆಯಿಂದ ಆರಕ್ಕೆ ಒಳಗೆ ಕೂರೋಳೂ ನಾನೇ. ನೀನು ಹಾಲು ಹಾಕ್ಬಾ!"