ಗೇಮಿನಲ್ಲಿ ಮಲಗಿದ್ದ ಗಂಡಸು

ಗೊತ್ತಿರುವ ವಿಷಯ ಮಾತಾಡುವಾಗ ನನ್ನ ದನಿ ಸಣ್ಣಗಿರುತ್ತದೆ. ಗೊತ್ತಿಲ್ಲದ ವಿಷಯ ಬಂದಿತೆಂದರೆ ಅದು ತಾನಾಗಿ ಏರಿ, ಕೈಯೂ ಮೇಲಕ್ಕೆ ಹೋಗಿ, ತೋರುಬೆರಳು ಸೆಟೆದು ನಿಲ್ಲುತ್ತದೆ. ಇದು ರೋಗವೋ ಗುಣವೋ ನನಗೆ ತಿಳಿಯದು. ಹೆಂಡತಿ ಕಸ್ತೂರಿ ಮಾತ್ರ ರೋಗವೆಂದೇ ತೀರ್ಮಾನಿಸಿ, ಬೆರಳು ಎದ್ದ ಕೂಡಲೇ ಒಲೆಯ ಮೇಲೇನೋ ಇಟ್ಟಿದ್ದು ನೆನಪಾದವಳಂತೆ ಒಳಗೆ ಹೋಗಿಬಿಡುತ್ತಾಳೆ. ಈಚೆಗೆ ಆ ಬೆರಳು ಎದ್ದದ್ದು ವಿಡಿಯೋ ಗೇಮುಗಳ ವಿಷಯದಲ್ಲಿ.

ಬಾಗಲಕೋಟೆ ಕಡೆಯಿಂದ ಬಂದು ಗೋವೆಯ ಕುಂಕಳ್ಳಿಯಲ್ಲಿ ನೆಲೆನಿಂತವರು ನಾವು. ಮಗಳು ಸವಿತಾ ದಿನಾ ಬಸ್ಸು ಹಿಡಿದು ಮಡಗಾಂವಿನ ಕಾಲೇಜಿಗೆ ಹೋಗಿ ಕಂಪ್ಯೂಟರ್ ಕಲಿಯುತ್ತಾಳೆ. ಒಂದು ಸಂಜೆ ಬಂದವಳೇ ಬ್ಯಾಗನ್ನು ಕಾಟಿನ ಮೇಲೆ ಎಸೆದು ಗೋಡೆಗೆ ಮುಖ ಮಾಡಿ ಕೂತಳು.

"ಏನಾತವ್ವಾ?" ಎಂದೆ.

"ನಾ ಮಾಡಿದ ಗೇಮ್ ಮೇಡಂ ವಾಪಸ್ ಕೊಟ್ರು. ಇಡೀ ಕ್ಲಾಸಿನಾಗ ಎಲ್ಲಾರೂ ಇದನ್ನ ಮಾಡೀರಿ, ಪ್ರದರ್ಶನದಾಗ ಹೊಸಾದು ತೋರಿಸಲಿಲ್ಲಂದ್ರ ಪಾಸ್ ಮಾಡೂದಿಲ್ಲ ಅಂದಾರ."

ತೋರಿಸು ಎಂದೆ. ಅವಳ ಲ್ಯಾಪ್‌ಟಾಪಿನಲ್ಲಿ ಒಬ್ಬ ಹುಡುಗ ಓಡುತ್ತಿದ್ದ, ತಗ್ಗು ಬಂದಲ್ಲಿ ಜಿಗಿಯುತ್ತಿದ್ದ, ಹೊಳೆಯುವುದೇನಾದರೂ ಕಂಡರೆ ಬಾಚಿಕೊಳ್ಳುತ್ತಿದ್ದ. ಉಳಿದ ಗೇಮುಗಳು ಹೇಗಿರುತ್ತವೆ ಎಂದು ಕೇಳಿ ನಾಲ್ಕಾರು ಹಾಕಿಸಿ ನೋಡಿದೆ. ಒಂದರಲ್ಲಿ ಒಬ್ಬ ಓಡುತ್ತ ಗುಂಡು ಹಾರಿಸುತ್ತಿದ್ದ. ಇನ್ನೊಂದರಲ್ಲಿ ಗುಂಡು ಹಾರಿಸುತ್ತ ಓಡುತ್ತಿದ್ದ. ಮತ್ತೊಂದು ಭಾರೀ ಹೆಸರು ಮಾಡಿದ್ದಂತೆ. ಅದರಲ್ಲಿ ಓಡುವವನಿಗೆ ಗಡ್ಡವಿತ್ತು.

ನನ್ನ ಬೆರಳು ಎದ್ದಿತು. "ಎಲ್ಲಾ ಕಾಪಿ! ಬಣ್ಣ ಬದಲಿ ಮಾಡತಾರ, ಟೊಪ್ಪಿಗಿ ಬದಲಿ ಮಾಡತಾರ, ಒಳಗ ಅದ ಮನಷ್ಯಾ. ಈಗಿನ ಮಂದಿ ಸ್ವಂತ ಬುದ್ಧಿಯಿಂದ ಏನರ ಮಾಡತಾರೇನು? ನೋಡಬೇಕು, ಸುತ್ತಮುತ್ತ ನೋಡಬೇಕು. ಕಣ್ಣ ಮುಂದ ಇರೂದನ್ನ ಹಿಡೀಬೇಕು. ಅದು ಕಲೆ!"

ಅಡುಗೆಮನೆಯಿಂದ ಕಸ್ತೂರಿಯ ದನಿ ಬಂತು. "ಬಾಟಲಿ ಮುಚ್ಚಳದಾಗ ಒಂದು ಬ್ಯಾರೆ ಕಂಡ್ರ ತಗದ ಒಗಿಯೂದ ನಿಮ್ಮ ಕೆಲಸ. ನೀವು ಹೇಳಾಕತ್ತೀರಿ ನೋಡ್ರಿ, ಹೊಸಾದ ಮಾಡು ಅಂತ."

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ದುಡಿಯುವುದು ಇಲ್ಲಿನ ಒಂದು ಮುಚ್ಚಳದ ಕಾರ್ಖಾನೆಯಲ್ಲಿ. ಬೆಲ್ಟಿನ ಮೇಲೆ ಸಾಗಿ ಬರುವ ಮುಚ್ಚಳಗಳಲ್ಲಿ ಒಂದು ತುಸು ಸೊಟ್ಟಗಿದ್ದರೂ ಎತ್ತಿ ಎಸೆಯಬೇಕು. ಈ ಕೆಲಸ ಬಹಳ ಕಾಲ ಮಾಡಿದವನಿಗೆ ಮದುವೆಯ ಪಂಕ್ತಿಯಲ್ಲಿ ಕೂತಾಗಲೂ ದೊಡ್ಡದಾಗಿ ಉಬ್ಬಿದ ಪೂರಿಯನ್ನು ಬದಿಗೆ ತೆಗೆದಿಡಬೇಕೆನಿಸುತ್ತದೆ. ಹಾಗೆಂದು ಹೊಸತನದ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲವೇ? ಇದೆ ಎಂದೇ ವಾದಿಸಿದೆ. ಕೇಳುವವರು ಯಾರೂ ಇರಲಿಲ್ಲ. ಆದರೆ ಸವಿತಾ ಗೋಡೆಯ ಕಡೆಯಿಂದ ತಿರುಗಿ ನನ್ನನ್ನೇ ದಿಟ್ಟಿಸುತ್ತಿದ್ದಳು. ನನ್ನ ಮಾತು ನಾಟಿತು ಎಂದು ಹಿಗ್ಗಿದೆ.

ಆಮೇಲಿನ ದಿನಗಳಲ್ಲಿ ತಾಯಿ ಮಗಳು ಲ್ಯಾಪ್‌ಟಾಪಿನ ಮುಂದೆ ತಲೆಗೆ ತಲೆ ಹಚ್ಚಿ ಕೂತಿರುತ್ತಿದ್ದರು. ನಾನು ಒಳಗೆ ಬಂದರೆ ನಗು ನಿಲ್ಲುತ್ತಿತ್ತು. ಕೇಳಿದರೆ, "ನೀ ಹೇಳಿದಂಗ ಮಾಡಾಕತ್ತೇನಪ್ಪಾ, ಕಣ್ಣ ಮುಂದ ಇರೂದನ್ನ" ಎಂದಳು ಸವಿತಾ. ಸಮುದ್ರವನ್ನು ಹಿಡಿದಿರಬೇಕು, ಇಲ್ಲವೇ ಮೀನಿನ ಪೇಟೆಯನ್ನು ಎಂದುಕೊಂಡೆ.

ಪ್ರದರ್ಶನದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಸ್ತೂರಿಯನ್ನೂ ಕರೆದುಕೊಂಡು ಕಾಲೇಜಿಗೆ ಹೋದೆ. ಮಕ್ಕಳ ಗೇಮುಗಳನ್ನು ಸಾಲಾಗಿ ಇಟ್ಟಿದ್ದರು. ಸವಿತಾಳ ಮೇಜಿನ ಸುತ್ತ ಹೆಂಗಸರು ಮುಗಿಬಿದ್ದಿದ್ದರು. ನಾನು ಹೆಮ್ಮೆಯಿಂದ ಸಂದಿ ಮಾಡಿಕೊಂಡು ಮುಂದೆ ನುಗ್ಗುವಷ್ಟರಲ್ಲಿ ಸ್ಪೀಕರಿನಿಂದ ಒಂದು ಸದ್ದು ಹೊರಟಿತು. ಮೊದಲು ಮಿಕ್ಸರ್ ಅಂದುಕೊಂಡೆ. ಆಮೇಲೆ ತಿಳಿಯಿತು. ಅದು ಗೊರಕೆ. ಪರದೆಯ ಮೇಲೆ ನೀಲಿ ಗೆರೆಯ ಲುಂಗಿ, ಕಂಕುಳಲ್ಲಿ ತೂತು ಬಿದ್ದ ಬನಿಯನ್, ಹಣೆಯ ಮೇಲೆ ಏರಿಸಿದ ಕನ್ನಡಕದೊಂದಿಗೆ ನಾನೇ ಅಂಗಾತ ಮಲಗಿದ್ದೆ!

ಆಟ ಇಷ್ಟೇ. ಹೆಂಡತಿಯಾದವಳು ಈ ಮನುಷ್ಯನನ್ನು ಎಬ್ಬಿಸಿ, ಟವೆಲ್ಲು ಹುಡುಕಿ ಕೊಟ್ಟು, ಆರಿದ ಚಹಾ ಮತ್ತೆ ಬಿಸಿ ಮಾಡಿ, ಹಣೆಯ ಮೇಲಿರುವ ಕನ್ನಡಕವನ್ನು ಮನೆಯೆಲ್ಲ ಹುಡುಕುವ ಅವನನ್ನು ಕಂಪನಿಯ ಬಸ್ಸಿಗೆ ಹತ್ತಿಸಬೇಕು. ನಡುವೆ ಅವನು ತೋರುಬೆರಳು ಎತ್ತಿ ಭಾಷಣ ಶುರು ಮಾಡಿದರೆ ಹೆಂಡತಿಯ ಶಕ್ತಿ ಸರ್ರನೆ ಇಳಿಯುತ್ತದೆ. ಭಾಷಣದ ದನಿಯೂ ನನ್ನದೇ: "ಎಲ್ಲಾ ಕಾಪಿ!"

ನನ್ನ ಮನೆ, ನನ್ನ ಮಗಳು, ನನ್ನ ಗೊರಕೆ! ಯಾರಾದರೂ ಗುರುತು ಹಿಡಿದಾರೆಂದು ಕರವಸ್ತ್ರದಿಂದ ಮುಖ ಒರೆಸುವ ನೆಪದಲ್ಲಿ ಮುಚ್ಚಿಕೊಂಡು, ಮಗಳಿಗೆ ಏನು ಬೈಯಬೇಕೆಂದು ಶಬ್ದ ಜೋಡಿಸುತ್ತಿದ್ದೆ. ಆಗ ಮುಂದೆ ಆಡುತ್ತಿದ್ದ ಕೊಂಕಣಿ ಹೆಂಗಸು, "ಹೊ ಮ್ಹಜೊ ಘೊವ್!" ಎಂದು ಚೀರಿದಳು. ಇವನು ನನ್ನ ಗಂಡ ಎಂದರ್ಥ. ನನಗೆ ಇನ್ನೊಂದು ಆಘಾತ. ಆಕೆಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಅಷ್ಟರಲ್ಲಿ ಉಸಗಾಂವದಿಂದ ಬಂದಿದ್ದ ನಮ್ಮ ಕಡೆಯ ಒಬ್ಬಾಕೆ ಅವಳನ್ನು ಸರಿಸಿ, "ನಿಮ್ಮವ್ರಲ್ರೀ, ಇವ್ರು ನಮ್ಮನಿಯವ್ರು. ಅಯ್ಯ, ಬನಿಯನ್ ಸೈತ ಅದ ಐತಿ! ಯಾವಾಗ ನೋಡಿದ್ಯವ್ವಾ ಅವ್ರನ್ನ?" ಎಂದು ಸವಿತಾಳನ್ನು ಕೇಳಿದಳು. ಕೊನೆಗೆ ಗೇಮು ವಾಪಸು ಕೊಟ್ಟಿದ್ದ ಮೇಡಮ್ಮೇ ಬಂದು ಆಡಿ, ಕಣ್ಣೀರು ಬರುವಷ್ಟು ನಕ್ಕು, "ಬರೀ ಪಾಸಲ್ಲ, ಮೊದಲನೇ ಬಹುಮಾನ. ಇಂಥ ಹೊಸ ಗೇಮ್ ನಾನು ನೋಡೇ ಇಲ್ಲ" ಎಂದರು. ತುಸು ತಡೆದು ದನಿ ತಗ್ಗಿಸಿ, "ನಮ್ಮ ಮನೆಗೆ ಯಾವಾಗ ಬಂದಿದ್ದೆ?" ಎಂದೂ ಕೇಳಿದರು.

ಸವಿತಾಳ ಮುಖ ಬೆಳಗಿತು. ಜೋಡಿಸಿದ್ದ ಬೈಗುಳವೆಲ್ಲ ನನಗೆ ಮರೆತೇಹೋಯಿತು. ಆದರೆ ಎದೆಯೊಳಗೆ ಇನ್ನೇನೋ ಚುಚ್ಚತೊಡಗಿತು. ನನ್ನ ಸೋಮಾರಿತನಕ್ಕೆ, ನನ್ನ ಭಾಷಣಕ್ಕೆ ಒಂದು ಸ್ವಂತಿಕೆ ಇದೆಯೆಂದು ಇಷ್ಟು ವರ್ಷ ನಂಬಿದ್ದೆನಲ್ಲ! ಈಗ ಊರೂರಿನ ಹೆಂಗಸರು ಬಂದು ಅದನ್ನು ತಮ್ಮ ತಮ್ಮ ಗಂಡಂದಿರಿಗೆ ಹಂಚಿಕೊಡುತ್ತಿದ್ದರು. ತಡೆಯಲಾಗಲಿಲ್ಲ. ಮುಖದ ಕರವಸ್ತ್ರ ಕಿತ್ತು ಮುಂದೆ ನುಗ್ಗಿದೆ.

"ಆ ಮನಷ್ಯಾ ನಾನ್ರೀ! ಖರೇನ ನಾನು!"

ಉಸಗಾಂವದಾಕೆ ಮೇಲಿಂದ ಕೆಳಗೆ ನೋಡಿ, "ಏ, ಸುಮ್ನಿರ್ರಿ ಅಣ್ಣಾರ, ನಮ್ಮವ್ರನ್ನ ನನಗ ಗುರ್ತಿಲ್ಲೇನು?" ಎಂದಳು.

ಸಾಕ್ಷಿಗೆಂದು ಕಸ್ತೂರಿಯ ಕಡೆ ತಿರುಗಿದೆ. ಆಕೆ ಪರದೆ ನೋಡಿದಳು, ನನ್ನನ್ನು ನೋಡಿದಳು, ಸುತ್ತ ನಿಂತ ಹೆಂಗಸರನ್ನೂ ನೋಡಿದಳು.

"ಇಷ್ಟ ಮಂದಿ ಹೇಳಾಕತ್ತಾರಂದ್ರ, ನನಗೂ ಈಗ ಖಾತ್ರಿ ಇಲ್ರಿ" ಎಂದಳು.