ಚಿಂತಾಮಣಿಗೆ ಬಿಟ್ಟ ಗೋಲು

ಆಡುವವರಿಗಿಂತ ನೋಡುವವರಿಗೇ ಆಯಾಸ ಹೆಚ್ಚು ಎಂಬುದು ಫುಟ್‌ಬಾಲಿನ ವಿಷಯದಲ್ಲಿ ನಾನು ಕಂಡುಕೊಂಡ ಸತ್ಯ. ಆಡಿದವನು ಕಾಲು ತೊಳೆದುಕೊಂಡು ಮಲಗಿಬಿಡುತ್ತಾನೆ. ನೋಡಿದವನಿಗೆ ಗಂಟಲು ಕಟ್ಟಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ, ಸೋತದ್ದಕ್ಕೆ ಕಾರಣ ಹುಡುಕುವ ಕೆಲಸ ಬೇರೆ ತಲೆಯ ಮೇಲೆ ಬಿದ್ದಿರುತ್ತದೆ. ನಾನು ಜೀವಮಾನದಲ್ಲಿ ಒಂದೇ ಸಲ ಚೆಂಡು ಒದ್ದವನು. ಚೆಂಡು ಇದ್ದಲ್ಲೇ ಇತ್ತು. ಚಪ್ಪಲಿ ಹಾರಿಹೋಗಿ ನಮ್ಮ ಕಚೇರಿಯ ಶಿರಸ್ತೇದಾರರ ಸೈಕಲ್ಲಿಗೆ ಬಡಿಯಿತು. ಅಂದಿನಿಂದ ನೋಡುವುದರಲ್ಲೇ ತೃಪ್ತಿಪಟ್ಟುಕೊಂಡೆ. ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ಊರಿನ ತಂಡದ ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳಲಿಲ್ಲ. ಅದರಿಂದ ಸಂಸಾರದಲ್ಲಿ ಎಂಥ ಫಜೀತಿಯಾಯಿತು ಎಂಬುದನ್ನು ಹೇಳುತ್ತೇನೆ.

ಹೊಸ ಪೈಸೆ ಬಂದಿದ್ದರೂ ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ ಕಾಲ ಅದು. ವರ್ಷಕ್ಕೊಮ್ಮೆ ಚಿಕ್ಕಬಳ್ಳಾಪುರದ ಬಯಲಿನಲ್ಲಿ ಷೀಲ್ಡಿಗಾಗಿ ಪಂದ್ಯಗಳು ನಡೆಯುತ್ತಿದ್ದವು. ಗೌರಿಬಿದನೂರಿನವರು ಬಹಳ ಉತ್ಸಾಹದಿಂದ ಬಂದು ಬಹಳ ಬೇಗ ವಾಪಸಾಗುತ್ತಿದ್ದರು. ಕೊನೆಗೆ ಉಳಿಯುತ್ತಿದ್ದದ್ದು ನಾವು ಮತ್ತು ಚಿಂತಾಮಣಿಯವರು. ಎರಡು ಊರಿನವರೂ ಬೆಂಗಳೂರಿನಿಂದ ದುಡ್ಡು ಕೊಟ್ಟು ಒಳ್ಳೆಯ ಆಟಗಾರರನ್ನು ಕರೆಸುತ್ತಿದ್ದರು. ತೊಂದರೆ ಶುರುವಾಗುತ್ತಿದ್ದದ್ದೇ ಅಲ್ಲಿ. ನಮ್ಮ ಕೂಲಿಯವರೂ ಅವರ ಕೂಲಿಯವರೂ ಒಂದೇ ಚಿಕ್ಕ ರೈಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ಇಳಿದವರೇ ಸ್ಟೇಷನ್ನಿನ ಎದುರು ಹೋಟೆಲಿನಲ್ಲಿ ಒಂದೇ ಮೇಜಿಗೆ ದೋಸೆ ಹೇಳುತ್ತಿದ್ದರು. ಇದನ್ನು ಕಣ್ಣಾರೆ ಕಂಡ ನಮ್ಮವರಿಗೆ ಆಟ ಮೈದಾನದಲ್ಲಿ ನಡೆಯುತ್ತದೆ ಎಂಬ ನಂಬಿಕೆಯೇ ಹೊರಟುಹೋಗಿತ್ತು. ಗೆದ್ದರೆ ಸರಿ. ಸೋತರೆ, ಎಲ್ಲ ಮೊದಲೇ ಮಾತಾಡಿಕೊಂಡಿದ್ದರು ಎನ್ನುವುದು ಖಾಯಂ. ಆಂಧ್ರದ ಗಡಿ ಹತ್ತಿರವಾದ್ದರಿಂದ ಕೋಪ ಬಂದಾಗ ಅರ್ಧ ಊರಿಗೆ ತೆಲುಗು ಬರುತ್ತಿತ್ತು. ‘ಮ್ಯಾಚ್ ಅಮ್ಮೇಸಿನಾರು’ ಎನ್ನುತ್ತಿದ್ದರು; ಮ್ಯಾಚ್ ಮಾರಿಬಿಟ್ಟರು ಎಂದು.

ನಮ್ಮ ತಂಡದಲ್ಲಿ ಕೂಲಿಗೆ ಬಾರದ, ಅಪ್ಪಟ ಊರಿನ ಆಟಗಾರನೆಂದರೆ ಗೋಲ್‌ಕೀಪರ್ ಸೀನ. ಅವನು ನನ್ನ ಹೆಂಡತಿ ಸರೋಜಳ ತಮ್ಮ, ನಮ್ಮ ಮನೆಯಲ್ಲೇ ಇದ್ದ. ಖಾದರ್ ಸಾಹೇಬರ ರೇಷ್ಮೆ ಬಿಚ್ಚಾಣಿಕೆ ಕಾರ್ಖಾನೆಯಲ್ಲಿ ರೈತರು ತಂದ ರೇಷ್ಮೆಗೂಡು ತೂಗುವ ಕೆಲಸ ಅವನದು. ತಕ್ಕಡಿಯ ಮುಳ್ಳಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ ತೂಕ ಹೇಳುತ್ತಿದ್ದ. ದಿಬ್ಬೂರಹಳ್ಳಿ ಕಡೆಯ ರೈತರು ಇಂಥ ನಿಯತ್ತಿನ ಹುಡುಗ ಇನ್ನೊಬ್ಬನಿಲ್ಲ ಎಂದು ಹೊಗಳುತ್ತಿದ್ದರು. ತಂಡವನ್ನು ಸಾಕುತ್ತಿದ್ದವರೂ ಖಾದರ್ ಸಾಹೇಬರೇ.

ಆ ವರ್ಷ ಸೀನನಿಗೆ ಹೆಣ್ಣು ಗೊತ್ತಾಯಿತು. ಹೆಣ್ಣಿನ ಊರು ಚಿಂತಾಮಣಿ. ತಂದೆ ಶಾಮಣ್ಣನವರು ಅಲ್ಲಿ ಧಾನ್ಯದ ಮಂಡಿ ಇಟ್ಟವರು, ತಮ್ಮ ಊರಿನ ತಂಡ ಸೋತ ದಿನ ಊಟ ಬಿಡುವವರು. ಷೀಲ್ಡಿನ ಕೊನೆಯ ಪಂದ್ಯಕ್ಕೆ ಒಂದು ವಾರವಿದೆ ಎನ್ನುವಾಗ ನಾನೇ ಸೀನನನ್ನು ಕರೆದುಕೊಂಡು ಹೋಗಿ ಹುಡುಗಿ ಕಮಲಳನ್ನು ತೋರಿಸಿಕೊಂಡು ಬಂದೆ. ಉಪ್ಪಿಟ್ಟು ತಿಂದು, ಎಲ್ಲರೂ ಒಪ್ಪಿ, ಲಗ್ನ ಆಮೇಲೆ ನೋಡೋಣವೆಂದು ಎದ್ದೆವು. ಆ ದಿನ ರೈಲಿನಲ್ಲಿ ನಮ್ಮೂರಿನವರು ಯಾರ್ಯಾರಿದ್ದರೋ ನಾನು ಗಮನಿಸಲಿಲ್ಲ. ಅವರು ನಮ್ಮನ್ನು ಗಮನಿಸಿದ್ದರು.

ಪಂದ್ಯದ ದಿನ ಬೆಳಗಿನಿಂದ ಮೋಡ. ನಂದಿಬೆಟ್ಟ ಅರ್ಧಕ್ಕೆ ಮುಚ್ಚಿಹೋಗಿತ್ತು. ನಾನು ಗೋಲುಕಂಬದ ಹಿಂದೆಯೇ ಜಾಗ ಹಿಡಿದೆ. ಎರಡೂ ಕಡೆ ಗೋಲಿಲ್ಲದೆ ಆಟ ಕೊನೆಯ ಹಂತಕ್ಕೆ ಬಂತು. ಆ ವರ್ಷ ನಮ್ಮ ಹಿಂದಿನ ಸಾಲಿನವರು ಚೆಂಡನ್ನು ಸೀನನ ಹತ್ತಿರಕ್ಕೇ ಬಿಟ್ಟಿರಲಿಲ್ಲ. ಕತ್ತಲೆ ಕವಿಯುತ್ತಿತ್ತು. ಚಿಂತಾಮಣಿಯ ಕಡೆಯವನೊಬ್ಬ ನಡು ಮೈದಾನದಿಂದ ಸುಮ್ಮನೆ ಒದ್ದ. ಚೆಂಡು ಎರಡು ಸಲ ಪುಟಿದು, ಆಮೇಲೆ ಉರುಳಿಕೊಂಡು ನಿಧಾನವಾಗಿ ಬಂತು. ಸೀನ ಕೈ ಚಾಚಿ ತಯಾರಾಗಿ ನಿಂತಿದ್ದ. ಚೆಂಡು ಅವನ ಪಕ್ಕದಲ್ಲೇ ಹಾದು ಒಳಗೆ ಹೋಗಿ ನನ್ನ ಕಾಲಿನ ಮುಂದೆ ನಿಂತಿತು. ಸೀನ ಇನ್ನೂ ಮುಂದೆಯೇ ನೋಡುತ್ತಿದ್ದ.

ಮೈದಾನ ಕೂಗಲಿಲ್ಲ. ಚಿಂತಾಮಣಿಯವರಿಗೇ ನಂಬಿಕೆ ಬರಲಿಲ್ಲ. ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ನೂಕುನುಗ್ಗಲಿದ್ದರೂ ನಮ್ಮಿಬ್ಬರ ಪಕ್ಕ ಯಾರೂ ಕೂರಲಿಲ್ಲ. ಮರುದಿನ ಕ್ಷೌರದಂಗಡಿಗೆ ಹೋದೆ. ಕತ್ತಿ ನನ್ನ ಗಂಟಲ ಮೇಲಿರುವಾಗ ಬೆಂಚಿನ ಮೇಲೆ ಕೂತಿದ್ದವನೊಬ್ಬ, ‘ಗುಮಾಸ್ತರೇ, ಚಿಂತಾಮಣಿಯೋರು ಹೆಣ್ಣು ಕೊಡ್ತಾರಂತೆ, ನೀವು ಗೋಲು ಕೊಟ್ರಂತೆ’ ಎಂದ. ಉತ್ತರ ಕೊಡಲು ಗಂಟಲು ಅಲ್ಲಾಡಿಸುವಂತಿರಲಿಲ್ಲ. ಸುಮ್ಮನಿದ್ದದ್ದನ್ನು ಅವರು ಒಪ್ಪಿಗೆ ಎಂದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಖಾದರ್ ಸಾಹೇಬರಿಂದ ಮಾತು ಬಂತು: ಸೀನ ಸದ್ಯಕ್ಕೆ ತಕ್ಕಡಿಯ ಹತ್ತಿರ ಬರುವುದು ಬೇಡ. ಅವರು ಬೈಯಲಿಲ್ಲ. ಮ್ಯಾಚ್ ಮಾರಿದವನ ತೂಕವನ್ನು ರೈತರು ಒಪ್ಪುವುದಿಲ್ಲ ಎಂದು ಹೇಳಿಕಳಿಸಿದರು, ಅಷ್ಟೆ. ನಮ್ಮ ಗೋಡೆಯ ಮೇಲೆ ಯಾರೋ ಇದ್ದಿಲಿನಿಂದ ಗೋಲುಕಂಬ ಬರೆದು, ನಡುವೆ ತಾಳಿ ತೂಗುಹಾಕಿದ್ದರು. ಚಿತ್ರ ಚೆನ್ನಾಗಿಯೇ ಇತ್ತು. ಸರೋಜ ಸಗಣಿ ನೀರು ಹಾಕಿ ಒರೆಸಿ ಒಳಗೆ ಹೋಗಿ ಅತ್ತಳು.

ನಾನು ಸೀನನನ್ನು ಕೂರಿಸಿಕೊಂಡು ಕೇಳಿದೆ. ಚೆಂಡು ಬಿಟ್ಟೆಯಾ ಎಂದರೆ ಇಲ್ಲ ಎಂದ. ಮತ್ತೆ ಹಿಡಿಯಲಿಲ್ಲ ಯಾಕೆ ಎಂದರೆ ತಲೆ ತಗ್ಗಿಸಿದ. ಆ ತಲೆ ತಗ್ಗಿಸಿದ್ದು ನನ್ನೊಳಗೆ ಹುಳದ ಹಾಗೆ ಕೊರೆಯತೊಡಗಿತು. ಚಿಂತಾಮಣಿಯ ಮನೆಯಲ್ಲಿ ನಾನು ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದಾಗ ಶಾಮಣ್ಣನವರು ಇವನ ಕಿವಿಯಲ್ಲಿ ಏನಾದರೂ ಹೇಳಿದರೇ? ಉಪ್ಪಿಟ್ಟಿಗೆ ಅಷ್ಟೊಂದು ಗೋಡಂಬಿ ಹಾಕಿದ್ದರಲ್ಲ, ಯಾಕೆ? ಹೀಗೆ ಸೀನನ ಕೆಮ್ಮಿಗೂ ಅರ್ಥ ಹುಡುಕುತ್ತ ಎರಡು ದಿನ ಕಳೆದೆ. ಊರಿನವರು ಬೀದಿಯಲ್ಲಿ ಅನುಮಾನಪಟ್ಟರೆ ನಾನು ಮನೆಯೊಳಗೆ ಅನುಮಾನಪಟ್ಟೆ.

ಮೂರನೆಯ ಬೆಳಗ್ಗೆ ಶಾಮಣ್ಣನವರು ತಾವಾಗಿಯೇ ರೈಲಿಳಿದು ನಮ್ಮ ಮನೆಗೆ ಬಂದರು. ಮುಖ ಗಂಟಿಕ್ಕಿತ್ತು. ಬೀದಿಯ ಜನರೆಲ್ಲ ಅವರ ಹಿಂದೆಯೇ ಬಂದು ನಮ್ಮ ಬಾಗಿಲೆದುರು ನಿಂತರು. ಸುದ್ದಿ ತಿಳಿದು ಖಾದರ್ ಸಾಹೇಬರೂ ಬಂದರು. ಒಳಗೆ ಕುರ್ಚಿ ಎರಡೇ ಇದ್ದವು. ಅವರಿಬ್ಬರೂ ಎದುರುಬದುರಾಗಿ ಕೂತರು. ನಾನು ಅಕ್ಕಿ ಮೂಟೆಗೆ ಒರಗಿ ನಿಂತೆ. ಸರೋಜ ಅಡುಗೆಮನೆ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಳು.

ಶಾಮಣ್ಣನವರ ದೂರು ನಮ್ಮದಕ್ಕಿಂತ ದೊಡ್ಡದಾಗಿತ್ತು. ಮಗಳನ್ನು ಒಡ್ಡಿ ಷೀಲ್ಡು ತಂದ ಎಂದು ಚಿಂತಾಮಣಿಯಲ್ಲಿ ಅವರ ಬೆನ್ನ ಹಿಂದೆ ನಗುತ್ತಿದ್ದರಂತೆ. ಗೆದ್ದವರಿಗೂ ಗೆದ್ದ ಸುಖವಿಲ್ಲ. ಅವರು ಸೀನನನ್ನೇ ನೋಡಿ ಕೇಳಿದರು.

‘ನೋಡಪ್ಪ, ಆಟ ಮಾರೋನಿಗೆ ನಾನು ಹೆಣ್ಣು ಕೊಡಲ್ಲ. ನಮ್ಮೂರಿಗೋಸ್ಕರ ಮಾರಿದ್ರೂ ಕೊಡಲ್ಲ. ಆ ಚೆಂಡು ಯಾಕೆ ಹಿಡೀಲಿಲ್ಲ, ಹೇಳು.’

ಸೀನ ಅಕ್ಕನ ಕಡೆ ತಿರುಗಿದ. ಸರೋಜ ಬೇಡ ಎನ್ನುವಂತೆ ತಲೆಯಾಡಿಸಿದ್ದು ನನಗೆ ಕಾಣಿಸಿತು. ಅವನಿಗೆ ಕಾಣಿಸಲಿಲ್ಲ.

‘ಕಾಣಿಸ್ಲಿಲ್ಲ’ ಎಂದ ಸೀನ.

‘ಏನು ಕಾಣಿಸ್ಲಿಲ್ಲ?’

‘ಚೆಂಡು. ಒಂದು ವರ್ಷದಿಂದ ದೂರದ್ದು ಯಾವುದೂ ಕಾಣಿಸಲ್ಲ. ಕನ್ನಡಕ ಹಾಕಿದ್ರೆ ಹೆಣ್ಣು ಸಿಗಲ್ಲ ಅಂತ ಅಕ್ಕ ಹೇಳಿದ್ಲು.’

ಖಾದರ್ ಸಾಹೇಬರು ಮೆಲ್ಲಗೆ ತಮ್ಮ ಕನ್ನಡಕ ತೆಗೆದರು. ಅವರಿಗೂ ಚಿಕ್ಕಂದಿನಿಂದ ದೂರದ್ದು ಕಾಣದು. ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ಅದನ್ನು ಸೀನನ ಮೂಗಿನ ಮೇಲೆ ಇಟ್ಟರು. ಸೀನ ಬಾಗಿಲಾಚೆ ನೋಡಿದ. ಒಂದು ಹೆಜ್ಜೆ ಹಿಂದಕ್ಕೆ ಸರಿದ.

‘ಭಾವ, ಇಷ್ಟೊಂದು ಜನ ಯಾಕೆ ಬಂದವ್ರೆ?’ ಎಂದು ನನ್ನನ್ನು ಕೇಳಿದ.

ಹೊರಗೆ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬರಿಗಣ್ಣಿನ ಖಾದರ್ ಸಾಹೇಬರು ಸೀನನ ಹೆಗಲು ಎಂದುಕೊಂಡು ನನ್ನ ಹೆಗಲು ತಟ್ಟಿ, ನಾಳೆಯಿಂದ ಕೆಲಸಕ್ಕೆ ಬಾ ಎಂದರು. ಆದರೆ ಶಾಮಣ್ಣನವರ ಮುಖದ ಗಂಟು ಸಡಿಲವಾಗಿರಲಿಲ್ಲ. ಅವರು ಯೋಚಿಸುತ್ತಿದ್ದರು. ಆ ಯೋಚನೆ ಎಲ್ಲಿಗೆ ಹೋಗುತ್ತಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಅವರೇ ಬಾಯಿಬಿಟ್ಟರು.

‘ಹಂಗಾದ್ರೆ ನಮ್ಮ ಹುಡುಗೀನ ನೀನು ನೋಡಿ ಒಪ್ಕೊಂಡಿದ್ದು ಹೆಂಗೆ?’

ಸೀನ ಬೆವತ. ಹುಡುಗಿ ಕೂತದ್ದು ನಡುಮನೆಯ ಆ ಕೊನೆಯಲ್ಲಿ; ಕಂಡದ್ದು ಹಸಿರು ಸೀರೆ ಮಾತ್ರವಂತೆ. ಆದರೆ ಒಳಗೆ ಹೋದ ಮೇಲೆ ಅವಳು ಅಜ್ಜಿಗೆ ಏನೋ ಹೇಳಿ ನಕ್ಕಳಂತೆ. ‘ಆ ನಗು ಕೇಳಿ ಒಪ್ಕೊಂಡೆ’ ಎಂದ. ಶಾಮಣ್ಣನವರು ಎದ್ದು, ಕಾಫಿಯನ್ನೂ ಮುಟ್ಟದೆ, ಮನೆಯಲ್ಲಿ ಕೇಳಿ ಹೇಳಿಕಳಿಸುತ್ತೇನೆ ಎಂದು ಹೊರಟುಹೋದರು.

ಸೀನ ಬೆಂಗಳೂರಿಗೆ ಹೋಗಿ ಕನ್ನಡಕ ಹಾಕಿಸಿಕೊಂಡು ಬಂದ. ಸರೋಜ ನನ್ನೊಂದಿಗೆ ಮಾತು ಬಿಟ್ಟಳು. ಮುಚ್ಚಿಟ್ಟವಳು ಅವಳು, ಅನುಮಾನಪಟ್ಟವನು ನಾನು. ತಪ್ಪು ಮಾತ್ರ ಹೇಗೋ ಪೂರ್ತಿ ನನ್ನ ಪಾಲಿಗೆ ಬಂದಿತ್ತು. ಚಿಂತಾಮಣಿಯಿಂದ ಸುದ್ದಿಯಿಲ್ಲ. ರೈಲು ಕೂಗಿದಾಗಲೆಲ್ಲ ಮೂವರೂ ಬಾಗಿಲ ಕಡೆ ನೋಡುತ್ತಿದ್ದೆವು. ಕೊನೆಗೆ ಆ ಕಡೆಯಿಂದ ಬಂದ ವ್ಯಾಪಾರಿಯೊಬ್ಬರ ಬಾಯಲ್ಲಿ ಕಮಲಳ ಮಾತೇ ಬಂತು: ಅವರು ಇನ್ನೊಂದು ಸಲ ಬರಲಿ, ಕನ್ನಡಕ ಹಾಕಿಕೊಂಡು ಬರಲಿ.

ಹೋದೆವು. ಈ ಸಲ ಉಪ್ಪಿಟ್ಟಿನಲ್ಲಿ ಗೋಡಂಬಿ ಇರಲಿಲ್ಲ. ಚಮಚದಿಂದ ಕೆದಕಿ ಇನ್ನೊಮ್ಮೆ ನೋಡಿದೆ. ಕಮಲ ಬಂದು ಹತ್ತಿರವೇ ಕೂತಳು. ತಲೆ ತಗ್ಗಿಸಲಿಲ್ಲ. ‘ಹೋದ ಸಲ ನೋಡದೇನೆ ಒಪ್ಪಿದ್ರಂತೆ. ಈಗ ಸರಿಯಾಗಿ ನೋಡಿ ಹೇಳಿ’ ಎಂದಳು. ಸೀನ ನೋಡಿದ. ನೋಡುತ್ತಲೇ ಇದ್ದ. ಇವನಿಗೇನಾದರೂ ಹಿಡಿಸಲಿಲ್ಲವೋ ಎಂದು ನಾನು ಲೋಟ ಕೆಳಗಿಟ್ಟೆ. ಸೀನ ಕೆಮ್ಮಿ, ನಗು ಒಂದೇ ಚೆನ್ನಾಗಿದೆ ಎಂದುಕೊಂಡಿದ್ದೆ ಎಂದ. ಕಮಲಳಿಗೆ ಅಷ್ಟೇ ಸಾಕಾಯಿತು. ಕನ್ನಡಕ ಇವರಿಗೆ ಒಪ್ಪುತ್ತದೆ ಎಂದು ಅಜ್ಜಿಗೆ ಕೇಳುವಂತೆ ಹೇಳಿ ಎದ್ದು ಹೋದಳು. ಮದುವೆ ಶ್ರಾವಣದಲ್ಲಿ ಆಯಿತು. ಖಾದರ್ ಸಾಹೇಬರು ವಧುವಿಗೆ ರೇಷ್ಮೆ ಸೀರೆ ಕೊಟ್ಟರು.

ಮುಂದಿನ ವರ್ಷ ಮತ್ತೆ ಅದೇ ಬಯಲು, ಅದೇ ಎರಡು ಊರು. ಸೀನನ ಜಾಗದಲ್ಲಿ ಬೆಂಗಳೂರಿನ ಕೂಲಿಯವನು. ಕೊನೆಯಲ್ಲಿ ನಮ್ಮವನೊಬ್ಬ ಚೆಂಡನ್ನು ಕೈಯಿಂದಲೇ ಗೋಲಿನೊಳಕ್ಕೆ ತಳ್ಳಿದ. ನಾನು ಹತ್ತು ಮಾರು ದೂರದಲ್ಲಿದ್ದೆ, ಕಣ್ಣಾರೆ ಕಂಡೆ. ರೆಫರಿ ಬೇರೆ ಕಡೆ ನೋಡುತ್ತಿದ್ದ. ಸೀಟಿ ಊದಿ ಗೋಲು ಎಂದ. ಚಿಂತಾಮಣಿಯವರು ಗಲಾಟೆಯೆಬ್ಬಿಸಿದರು, ರೆಫರಿ ಬೆಳಗ್ಗೆ ಖಾದರ್ ಸಾಹೇಬರ ಜೊತೆ ಚಹಾ ಕುಡಿದದ್ದನ್ನು ಕಂಡಿದ್ದೇವೆ ಎಂದರು. ಶಾಮಣ್ಣನವರು ಜನರನ್ನು ಸರಿಸಿಕೊಂಡು ನನ್ನ ಬಳಿಗೆ ಬಂದು, ಬೀಗರೇ ನೀವೇ ಹೇಳಿ, ಇದು ನ್ಯಾಯವಾದ ಆಟವೇ ಎಂದು ಕೇಳಿದರು. ನಾನು ಅವರ ಕೈ ಹಿಡಿದುಕೊಂಡು, ಸೋತಾಗ ಹೀಗೆಲ್ಲ ಅನ್ನಿಸುವುದು ಸಹಜ, ಮನಸ್ಸಿನಲ್ಲಿ ಅನುಮಾನ ಇಟ್ಟುಕೊಂಡು ಆಟ ನೋಡಬಾರದು ಎಂದು ಬಹಳ ಹೊತ್ತು ಸಮಾಧಾನ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಕಣ್ಣಲ್ಲಿ ನೀರು ಬಂತು. ಅಷ್ಟು ಚೆನ್ನಾಗಿ ನಾನು ಹಿಂದೆ ಎಂದೂ ಮಾತಾಡಿರಲಿಲ್ಲ.