ಎರಡು ಕೊಂಬಿನ ಅಡಾಪ್ಟರ್

ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಮನುಷ್ಯನ ಕೈಗೆ ಹೆಬ್ಬೆರಳಿನ ಉಗುರಿನಷ್ಟು ವಸ್ತುವನ್ನಿಟ್ಟು "ಇದು ಸಾಕು ತಾತ" ಎಂದರೆ ಮೈ ಉರಿಯದೆ ಇರುತ್ತದೆಯೇ? ಯಾವ ಮೇಷ್ಟ್ರ ಹಂಗೂ ಇಲ್ಲದೆ, ಕೆಟ್ಟ ರೇಡಿಯೋಗಳ ಹೊಟ್ಟೆ ಬಗೆದೇ ವಿದ್ಯೆ ಕಲಿತವರು ರೇಡಿಯೋ ತಾತ. ಕಂಪ್ಯೂಟರ್ ಅಂಗಡಿಯವನು ಕೊಟ್ಟ, ಇಂಟರ್‌ನೆಟ್ ಹಿಡಿಯುವ ವೈರ್‌ಲೆಸ್ ಅಡಾಪ್ಟರನ್ನು ಅಂಗೈಯಲ್ಲಿಟ್ಟು ಉಫ್ ಎಂದು ಊದಿದರು. (ಹಾರಿಹೋಗುತ್ತದೇನೋ ಎಂಬ ಪರೀಕ್ಷೆ.)

"ಆಂಟೆನಾನೇ ಇಲ್ವಲ್ಲಯ್ಯ! ಗಾಳೀಲಿ ಬರೋದನ್ನ ಮೂಗಿಂದ ಎಳ್ಕೊಳ್ಳುತ್ತಾ?"

"ನಿಮ್ಮ ಮನೆಗೆ ಇದೇ ಧಾರಾಳ."

ಗೊಣಗುತ್ತಲೇ ಒಯ್ದರು. ಅಂದು ನಾಲ್ಕು ಗಂಟೆಗೆ ಸೊಸೆಗೆ ಕಂಪ್ಯೂಟರಿನಲ್ಲೇ ಕೆಲಸದ ಸಂದರ್ಶನ. ಮೂರು ವರ್ಷ ಕಾದ ಮೇಲೆ ಬಂದ ಮೊದಲ ಕರೆ. "ಯಾರನ್ನಾದ್ರೂ ಕರೆಸೋಣ್ವಾ ಮಾವ?" ಎಂದು ಅವಳು ಬೆಳಿಗ್ಗೆ ಅಂಜುತ್ತಲೇ ಕೇಳಿದ್ದಳು. "ನಾನು ಸತ್ತ ಮೇಲೆ ಕರೆಸಮ್ಮ" ಎಂದಿದ್ದರು ಮಾವ.

ಕಂಪ್ಯೂಟರಿಗೆ ಅವರು ಮಾಡಿದ್ದ ವ್ಯವಸ್ಥೆ ಅಂತಿಂಥದ್ದಲ್ಲ. ಧೂಳು ಸೋಕದಿರಲೆಂದು ಅದರ ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನೊಳಗೆ ಪ್ರತಿಷ್ಠಾಪಿಸಿ, ಹಿಂಬದಿಗೆ ತೂತು ಕೊರೆದು ತಂತಿಗಳನ್ನು ಹೊರಗೆಳೆದು, ಬಾಗಿಲು ತಾನಾಗಿ ಮುಚ್ಚುವಂತೆ ಸ್ಪ್ರಿಂಗನ್ನೂ ಬಿಗಿದಿದ್ದರು. ಪರದೆ ಮಾತ್ರ ಹೊರಗೆ, ಮೇಜಿನ ಮೇಲೆ.

ಅಡಾಪ್ಟರನ್ನು ಪೆಟ್ಟಿಗೆಗೆ ಚುಚ್ಚಿದರು. ಬಾಗಿಲು ಧಡ್ ಎಂದು ಮುಚ್ಚಿತು. ಪರದೆಯ ಮುಂದೆ ಕೂತರೆ ಸಂಪರ್ಕವೇ ಇಲ್ಲ.

"ನಾನು ಹೇಳ್ಲಿಲ್ವಾ?" ಎಂದು ಯುದ್ಧ ಗೆದ್ದವರಂತೆ ಹೊರಟು, ಕೊಂಬಿನಂಥ ಆಂಟೆನಾ ಒಂದಿರುವುದನ್ನು ತಂದರು. ಅದಕ್ಕೂ ಉಸಿರಿಲ್ಲ. ಎರಡು ಕೊಂಬಿನದು ಬಂತು. ಅದೂ ಅಷ್ಟೆ.

"ಮುಂದಿನ ಸಲ ಗೋಣೀಚೀಲ ತಗೊಂಡು ಹೋಗಿ" ಎಂದರು ಹೆಂಡತಿ.

ಮೂರು ಗಂಟೆಗೆ ತಾತ ಅಂಗಡಿಯಲ್ಲಿ ಹತ್ತು ಗಿರಾಕಿಗಳೆದುರು ಗುಡುಗಿದರು: "ಕೆಟ್ಟ ಮಾಲು ಮಾರ್ತೀಯಾ? ಅಲೆ ಹೇಗೆ ಹರಿಯುತ್ತೆ ಅಂತ ನಿಮ್ಮಪ್ಪನಿಗೆ ಪಾಠ ಹೇಳಿದವನು ನಾನು!"

ಅಂಗಡಿಯವನು ಮೊದಲಿನ ಆ ಉಗುರಿನಷ್ಟು ಚಿಕ್ಕ ಅಡಾಪ್ಟರನ್ನೇ ಜೇಬಿಗೆ ಹಾಕಿ, ತಾತನನ್ನು ಸ್ಕೂಟರಿಗೆ ಹತ್ತಿಸಿಕೊಂಡು ಮನೆಗೆ ಬಂದ. ಬೀರು ನೋಡಿದ. ಬಾಗಿಲು ತೆರೆದು, ಒಳಗೆ ಅದನ್ನು ಚುಚ್ಚಿ, ಬಾಗಿಲನ್ನು ಹಾಗೇ ಹಿಡಿದುಕೊಂಡ.

"ಬಂತು!" ಎಂದು ಕೂಗಿದಳು ಸೊಸೆ.

"ನಮ್ಮಪ್ಪ ಕಳ್ಳರ ಭಯಕ್ಕೆ ರೇಡಿಯೋನ ಬೀರುವಿನಲ್ಲಿಟ್ಟು ಕೇಳ್ತಿದ್ರು ತಾತ" ಎಂದ ಅಂಗಡಿಯವನು. " ಸರಿಯಾಗಿ ಹಾಡಲ್ಲ ಅಂತ ನಿಮ್ಮ ಹತ್ರ ತಂದಾಗ ನಾನೂ ಜೊತೇಲಿದ್ದೆ. 'ಕಬ್ಬಿಣದೊಳಕ್ಕೆ ಅಲೆ ಹೇಗಯ್ಯ ನುಗ್ಗುತ್ತೆ, ತಲೇಲಿ ಏನಿದೆ?' ಅಂತ ಎಲ್ಲರೆದುರು ಬೈದಿದ್ರಿ. ನಾನು ಮರೆತಿಲ್ಲ. ಈ ಕಸುಬಿನಲ್ಲಿ ನನ್ನ ಮೊದಲ ಪಾಠ ಅದೇ."

ಅವನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಾತನಿಗೆ ಬೈದಾದರೂ ಹಗುರಾಗಬಹುದಿತ್ತು.

ತಾವೇ ಬಿಗಿದ ಸ್ಪ್ರಿಂಗನ್ನು ಬಿಚ್ಚುವ ಮೊದಲೇ ನಾಲ್ಕು ಬಡಿಯಿತು. ಒಂದು ಗಂಟೆ ಕಾಲ ತಾತ ಬೀರುವಿನ ಬಾಗಿಲು ಹಿಡಿದು ದ್ವಾರಪಾಲಕರಂತೆ ನಿಂತರು. ಪರದೆಯೊಳಗಿನ ಅಧಿಕಾರಿಣಿ ನಡುವೆ ಕೇಳಿದರು: "ನಿಮ್ಮ ಹಿಂದೆ ಯಾರೋ ನಿಂತಿದಾರಲ್ಲ?"

"ನಮ್ಮ ಮಾವ, ಮೇಡಂ" ಎಂದಳು ಸೊಸೆ, ನಿಜವಾದ ಅಭಿಮಾನದಿಂದ. "ಮನೆಯ ವೈರ್‌ಲೆಸ್ ವ್ಯವಸ್ಥೆಯೆಲ್ಲ ಅವರದೇ."

ತಾತ ಬಾಗಿಲು ಬಿಡಲಿಲ್ಲ. ಮುಖವನ್ನು ಮಾತ್ರ ಮೆಲ್ಲಗೆ ಬೀರುವಿನೊಳಗೆ ತೂರಿಸಿದರು.